ಗೋಣಿ ಲೆಕ್ಕದಲ್ಲಿ ತಂದು ಕಿಲೋ ಲೆಕ್ಕದಲ್ಲಿ ಮಾರುವಾಗ

ನೀರಾವರಿ ಇಲ್ಲದ ಗುಡ್ಡೆಯನ್ನು ನಂಬಿದವನಿಗೆ ವರ್ಷದಲ್ಲಿ ದುಡ್ಡು ಕಾಣುವುದು ಮೂರು ತಿಂಗಳು. ಗೇರುಬೀಜ ಫೆಬ್ರವರಿ ಕೊನೆಗೆ ಬೀಳಲು ಸುರುವಾದರೆ ಮೇ ತಿಂಗಳ ಮಳೆಗೆ ಮುಗಿಯಿತು. ಮತ್ತಿನ ಒಂಬತ್ತು ತಿಂಗಳು ಕೂಲಿಯೋ, ಹಾಲೋ, ಇಲ್ಲದಿದ್ದರೆ ಮನೆ ಎದುರು ಒಂದು ಜಿನಸಿನ ಅಂಗಡಿಯೋ ಆಗಬೇಕು. ಕಬಕದಿಂದ ವಿಟ್ಲದ ಕಡೆಗೆ ಹೋಗುವ ದಾರಿಯಲ್ಲಾಗಲಿ, ಪುತ್ತೂರಿನ ಕಡೆಗಾಗಲಿ ನೋಡಿದರೆ ಇಂಥ ಅಂಗಡಿಗಳು ಎಷ್ಟೋ ಉಂಟು. ಒಳಗೆ ಕೂತವರು ಹೆಚ್ಚಿನವರೂ ನಮ್ಮ ಹಾಗೆ ಕೃಷಿಕರೇ. ನಾನು ಕಲಿತದ್ದು ಏಳನೇ ಕ್ಲಾಸು. ಗುಡ್ಡೆಯೂ ಅಂಗಡಿಯೂ ಒಟ್ಟಿಗೆ ನಡೆಸುತ್ತಾ ತಿಳಿದುಕೊಂಡ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ.

ಇಂಥ ಅಂಗಡಿಗಳು ತೆರೆದಷ್ಟೇ ಬೇಗ ಮುಚ್ಚುವುದೂ ಉಂಟು. ನಮ್ಮ ಆಚೆ ಕರೆಯ ಒಬ್ಬರು ಹೆಂಡತಿಯ ಎರಡು ಬಳೆ ಅಡವಿಟ್ಟು ಅಂಗಡಿ ಹಾಕಿದರು. ಗಿರಾಕಿಗಳಿಗೆ ಕೊರತೆ ಇರಲಿಲ್ಲ, ದಿನಾ ಜನ ಇದ್ದರು. ಎರಡು ಮಳೆಗಾಲ ಕಳೆಯುವಾಗ ಅಂಗಡಿಯೂ ಹೋಯಿತು, ಬಳೆಯೂ ಹೋಯಿತು. ನೀರುಳ್ಳಿ ಎಷ್ಟಕ್ಕೆ ಬಿತ್ತು ಎಂದು ಕೇಳಿದರೆ ಅವರು ಗೋಣಿಯ ಬೆಲೆ ಹೇಳುತ್ತಿದ್ದರು. ಮಾರುವಾಗ ಕಿಲೋಕ್ಕೆ ನಿಜವಾಗಿ ಎಷ್ಟು ಬಿತ್ತು ಎಂಬುದನ್ನು ಅವರು ಒಮ್ಮೆಯೂ ಬರೆದು ನೋಡಿರಲಿಲ್ಲ. ರಖಂ ಅಂಗಡಿಯಲ್ಲಿ ಕೊಳ್ಳುವಾಗಲೇ ನಮ್ಮ ಲಾಭವೋ ನಷ್ಟವೋ ಮುಕ್ಕಾಲು ಭಾಗ ನಿಶ್ಚಯ ಆಗಿರುತ್ತದೆ. ಚಿಲ್ಲರೆ ಮಾರುವಾಗ ಸರಿಮಾಡಲು ಉಳಿಯುವುದು ಸ್ವಲ್ಪವೇ.

ಬೀಜ ಕೊಳ್ಳುವವನಿಂದ ಕಲಿಯಬೇಕಾದ್ದು

ನಾವು ಗೇರುಬೀಜ ಕೊಂಡುಹೋದಾಗ ವ್ಯಾಪಾರಿ ಏನು ಮಾಡುತ್ತಾನೆ? ಗೋಣಿಯ ಬಾಯಿಯಲ್ಲಿ ಇದ್ದದ್ದನ್ನು ನಂಬುವುದಿಲ್ಲ. ಕೈಯನ್ನು ನಡುವಿಗೆ ಹಾಕಿ ಒಂದು ಮುಷ್ಟಿ ತೆಗೆಯುತ್ತಾನೆ. ಕುಲುಕಿ ಶಬ್ದ ಕೇಳುತ್ತಾನೆ. ನಾಲ್ಕು ಬೀಜ ಕತ್ತರಿಸಿ ಒಳಗಿನ ತಿರುಳು ನೋಡುತ್ತಾನೆ. ಮಳೆ ತಾಗಿ ಕಪ್ಪಾಗಿದ್ದರೆ ದರ ಇಳಿಸುತ್ತಾನೆ. ಒದ್ದೆ ಇದ್ದರೆ ತೂಕದಲ್ಲಿ ಕಳೆಯುತ್ತಾನೆ. ಗೋಣಿಯ ತೂಕವನ್ನೂ ಬಿಡುವುದಿಲ್ಲ. ನಮಗೆ ಆಗ ಸಿಟ್ಟು ಬರುತ್ತದೆ. ಆದರೆ ಅವನು ಮಾಡುವುದು ತನ್ನ ಕೆಲಸ.

ನಾವು ಅಂಗಡಿಗೆ ಮಾಲು ತರಲು ಹೋದಾಗ ಅದೇ ಕೆಲಸ ನಮ್ಮದು. ಆದರೆ ಪುತ್ತೂರಿನಲ್ಲೋ, ಮಂಗಳೂರಿನ ಬಂದರಿನಲ್ಲೋ ರಖಂ ಅಂಗಡಿಯ ಎದುರು ನಿಂತರೆ ನಮಗೆ ಸಂಕೋಚ. ಮೆಣಸಿನ ಗೋಣಿ ಬಿಚ್ಚಿ ತೋರಿಸಿ ಎನ್ನಲು ನಾಚಿಕೆ. ಹಾಗೆ ಮಾಡಬಾರದು. ಕೈ ಹಾಕಿ ನಡುವಿನಿಂದ ತೆಗೆಯಬೇಕು. ಮುಷ್ಟಿಯಲ್ಲಿ ಒತ್ತಿದರೆ ಒಣ ಮೆಣಸು ಮುರಿಯುತ್ತದೆ. ಮುರಿಯದೆ ಬಗ್ಗಿದರೆ ತೇವ ಉಂಟು. ತೂಕ ಬರಲಿ ಎಂದು ನೀರು ಚಿಮುಕಿಸಿದ ಮೆಣಸು ಮೇಲೆ ನೋಡಲು ಕೆಂಪಾಗಿ ಹೊಳೆಯುತ್ತದೆ, ಹದಿನೈದು ದಿನದಲ್ಲಿ ಒಳಗೆ ಬೂಸಲು ಹಿಡಿಯುತ್ತದೆ. ಅಕ್ಕಿಯಾದರೆ ಅರ್ಧ ಪಾವು ಕೇಳಿ ತಂದು ಮನೆಯಲ್ಲಿ ಬೇಯಿಸಿ ನೋಡಿ, ಆಮೇಲೆ ಗೋಣಿ ತರುವುದು. ಕುಚ್ಚಲಕ್ಕಿ ಉಣ್ಣುವ ನಮ್ಮ ಊರಿನವರು ಅನ್ನ ಒಮ್ಮೆ ಸರಿ ಬರದಿದ್ದರೆ ಮತ್ತೆ ಆ ಅಂಗಡಿಗೆ ಬರುವುದಿಲ್ಲ.

ಒಂದು ರಖಂ ಅಂಗಡಿಯಲ್ಲಿ ಗೋಣಿಯನ್ನು ಇನ್ನೊಮ್ಮೆ ತೂಗಿ ಕೊಡಿ ಎಂದಾಗ, "ತೂಗುವುದಾದರೆ ಬೇರೆ ಕಡೆ ನೋಡಿ" ಎಂದರು. ನಾನು ಬೇರೆ ಕಡೆಯೇ ನೋಡಿದೆ. ತೂಗಿ ಕೊಡುವವರು, ಕೆಟ್ಟದ್ದನ್ನು ಬದಲಿಸಿ ಕೊಡುವವರು ಕಿಲೋಕ್ಕೆ ಐವತ್ತು ಪೈಸೆ ಜಾಸ್ತಿ ಹೇಳಿದರೂ ಅಡ್ಡಿಯಿಲ್ಲ.

ಬಿದ್ದ ದರ

ಕೊಂಡ ದರ ಬೇರೆ, ಬಿದ್ದ ದರ ಬೇರೆ. ಒಂದು ಉದಾಹರಣೆ ನೋಡುವ. ದರ ದಿನಾ ಬದಲಾಗುತ್ತದೆ, ಲೆಕ್ಕದ ಕ್ರಮ ಮಾತ್ರ ನೋಡಿ.

ನೀರುಳ್ಳಿ ಕಿಲೋಕ್ಕೆ 20 ರೂಪಾಯಿಯ ಹಾಗೆ 50 ಕಿಲೋದ ಒಂದು ಗೋಣಿ ತಂದಿರಿ. ಕೊಟ್ಟದ್ದು 1,000 ರೂಪಾಯಿ. ಹೊತ್ತು ಹಾಕಿದ ಕೂಲಿ 15, ಗಾಡಿ ಬಾಡಿಗೆಯಲ್ಲಿ ಈ ಗೋಣಿಯ ಪಾಲು 35. ಒಟ್ಟು 1,050. ಈಗ ಗೋಣಿಯ ತೂಕ, ಕೊಳೆತದ್ದು, ಉದುರಿದ ಸಿಪ್ಪೆ, ಒಣಗಿ ಇಳಿದದ್ದು, ಕಿಲೋ ತೂಗುವಾಗ ಒಂದು ಗೆಡ್ಡೆ ಹೆಚ್ಚು ಬಿದ್ದದ್ದು ಎಲ್ಲ ಸೇರಿ 4 ಕಿಲೋ ಹೋಯಿತು ಎಂದಿಟ್ಟುಕೊಳ್ಳಿ. ಮಾರಲು ಸಿಕ್ಕಿದ್ದು 46 ಕಿಲೋ. 1,050ನ್ನು 46ರಿಂದ ಭಾಗಿಸಿದರೆ ಕಿಲೋಕ್ಕೆ 22 ರೂಪಾಯಿ 83 ಪೈಸೆ. ಇದು ಬಿದ್ದ ದರ.

24 ರೂಪಾಯಿಗೆ ಮಾರಿದರೆ ಕಿಲೋಕ್ಕೆ 4 ರೂಪಾಯಿ, 50 ಕಿಲೋಕ್ಕೆ 200 ರೂಪಾಯಿ ಲಾಭ ಎಂದು ಬಾಯಿಲೆಕ್ಕ. ನಿಜವಾಗಿ ಬರುವುದು 46 ಗುಣಿಸು 24, ಅಂದರೆ 1,104. ಉಳಿದದ್ದು 54 ರೂಪಾಯಿ. ಅದರಲ್ಲಿ ಅಂಗಡಿಯ ಕರೆಂಟು, ಪ್ಲಾಸ್ಟಿಕ್ ತೊಟ್ಟೆ, ನಮ್ಮ ಕೂಲಿ ಎಲ್ಲ ಆಗಬೇಕು.

ಒಂದೊಂದು ಮಾಲಿಗೆ ಎಷ್ಟು ಹೋಗುತ್ತದೆ ಎಂದು ಪುಸ್ತಕ ನೋಡಿದರೆ ಸಿಕ್ಕುವುದಿಲ್ಲ. ನಮ್ಮ ಅಂಗಡಿಯಲ್ಲೇ ಮೂರು ಗೋಣಿ ಬಿಡದೆ ಬರೆದಿಡಬೇಕು. ತಂದದ್ದು ಎಷ್ಟು, ಮಾರಿದ್ದು ಎಷ್ಟು, ಬಿಸಾಡಿದ್ದು ಎಷ್ಟು. ಮೂರು ಗೋಣಿಯ ಸರಾಸರಿ ತೆಗೆದರೆ ಆ ಮಾಲಿನ ಲೆಕ್ಕ ಗಟ್ಟಿಯಾಯಿತು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು ಬೇರೆ ಬೇರೆ ಇಟ್ಟುಕೊಳ್ಳುವುದು ಒಳ್ಳೇದು.

ಇನ್ನೊಂದು ಮಾತು. ಗೋಣಿಗೆ ಎಷ್ಟು ಎಂದು ಕೇಳಬಾರದು, ಕಿಲೋಕ್ಕೆ ಎಷ್ಟು ಎಂದೇ ಕೇಳಬೇಕು. 2022ರ ಜುಲೈ 18ರಿಂದ 25 ಕಿಲೋ ವರೆಗಿನ ಲೇಬಲ್ ಹಚ್ಚಿದ ಅಕ್ಕಿ, ಬೇಳೆ ಪ್ಯಾಕುಗಳಿಗೆ ಶೇಕಡಾ 5 ಜಿಎಸ್‌ಟಿ ಬಂತು. ಆಮೇಲೆ 26 ಕಿಲೋ, 30 ಕಿಲೋದ ಚೀಲಗಳೂ ಕಾಣತೊಡಗಿದವು. ನೋಡಲು ಎಲ್ಲವೂ ಒಂದೇ ಗಾತ್ರ. ಕಿಲೋಕ್ಕೆ ಭಾಗಿಸದೆ ಯಾವುದು ಅಗ್ಗ, ಯಾವುದು ತುಟ್ಟಿ ಎಂದು ಹೇಳಲು ಬರುವುದಿಲ್ಲ.

ನೂರಕ್ಕೆ ಇಪ್ಪತ್ತು ಎಂದರೆ ಯಾವ ನೂರಕ್ಕೆ?

100 ರೂಪಾಯಿಗೆ ತಂದು 120ಕ್ಕೆ ಮಾರಿದರೆ ಶೇಕಡಾ 20 ಲಾಭ ಎನ್ನುತ್ತೇವೆ. ಅದು ಕೊಂಡ ದರದ ಮೇಲೆ. ಸಂಜೆ ಗಲ್ಲಾಪೆಟ್ಟಿಗೆಯಲ್ಲಿ 6,000 ರೂಪಾಯಿ ಇದ್ದರೆ ಅದರಲ್ಲಿ ಶೇಕಡಾ 20, ಅಂದರೆ 1,200 ನನ್ನದು ಎಂದು ತೆಗೆದರೆ ತಪ್ಪಿತು. 120ರಲ್ಲಿ 20 ಎಂದರೆ ಆರರಲ್ಲಿ ಒಂದು ಪಾಲು. 6,000ದಲ್ಲಿ ನಮ್ಮದು 1,000 ಮಾತ್ರ. ದಿನಕ್ಕೆ 200ರ ಹಾಗೆ ತಿಂಗಳಿಗೆ 6,000 ರೂಪಾಯಿ ಮೂಲಧನವೇ ಮನೆಖರ್ಚಿಗೆ ಹೋಗುತ್ತದೆ. ಅಂಗಡಿಯ ಹಲಗೆ ಮೆಲ್ಲ ಮೆಲ್ಲ ಖಾಲಿಯಾಗುತ್ತದೆ. ಯಾಕೆ ಎಂದು ಮನೆಯವರಿಗೂ ಗೊತ್ತಾಗುವುದಿಲ್ಲ, ಕೂತವನಿಗೂ ಗೊತ್ತಾಗುವುದಿಲ್ಲ.

ತಿರುಗುವ ಮಾಲು, ಕೂತ ಮಾಲು

ಕೈಯಲ್ಲಿ 10,000 ರೂಪಾಯಿ ಉಂಟು ಎಂದಿಟ್ಟುಕೊಳ್ಳಿ. ಒಂದು ಮಾಲಿನಲ್ಲಿ ಶೇಕಡಾ 5 ಲಾಭ, ಆದರೆ ವಾರದಲ್ಲಿ ಖಾಲಿಯಾಗುತ್ತದೆ. ಇನ್ನೊಂದರಲ್ಲಿ ಶೇಕಡಾ 20, ಆದರೆ ಖಾಲಿಯಾಗಲು ಆರು ತಿಂಗಳು. ಆರು ತಿಂಗಳೆಂದರೆ 26 ವಾರ. ಮೊದಲನೆಯದರಲ್ಲಿ ವಾರಕ್ಕೆ 500ರಂತೆ 13,000 ರೂಪಾಯಿ ಬಂತು. ಎರಡನೆಯದರಲ್ಲಿ 2,000. ಹಾಗಾಗಿ ಅಕ್ಕಿ, ಸಕ್ಕರೆ, ಬೇಳೆ, ನೀರುಳ್ಳಿ, ಬಟಾಟೆಯಲ್ಲಿ ಲಾಭ ಕಮ್ಮಿ ಎಂದು ಬೇಸರಿಸುವುದು ಬೇಡ. ಅದು ಹಣವನ್ನು ತಿರುಗಿಸುತ್ತದೆ, ಗಿರಾಕಿಯನ್ನೂ ಕರೆಯುತ್ತದೆ. ಹೆಚ್ಚು ಲಾಭದ ಮಾಲು ಇರಲಿ, ಆದರೆ ಒಂದೊಂದರಲ್ಲಿ ನಾಲ್ಕು, ಐದು.

ಜಾತ್ರೆಗೆ ಅಂಗಡಿ ಇಡುವವರಿಗೆ ಇದು ಇನ್ನೂ ಮುಖ್ಯ. ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆ ಏಪ್ರಿಲ್ 10ಕ್ಕೆ ಸುರುವಾಗಿ 20ಕ್ಕೆ ಮುಗಿಯುತ್ತದೆ. ಆಮೇಲೆ ಪತ್ತನಾಜೆಯ ಒಳಗೆ ಸಿಕ್ಕುವ ನಾಲ್ಕು ಊರಿನ ಜಾತ್ರೆ, ಕೋಲಗಳಲ್ಲಿ ಮಾರಲಾಗದ ಬಳೆ, ಆಟಿಕೆ ಮತ್ತಿನ ವರ್ಷದವರೆಗೆ ಅಟ್ಟದಲ್ಲಿ. ಅಂಥ ಮಾಲು ತರುವಾಗ "ಉಳಿದದ್ದನ್ನು ಹಿಂದೆ ತೆಗೆದುಕೊಳ್ಳುತ್ತೀರಾ" ಎಂದು ಮೊದಲೇ ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಬೇಕು. ಒಪ್ಪಿದರೆ ದರ ಸ್ವಲ್ಪ ಹೆಚ್ಚಾದರೂ ಆದೀತು. ಒಪ್ಪದಿದ್ದರೆ ಅರ್ಧ ಮಾಲು ತಂದು, ಮಾರಿದ ಮೇಲೆ ಮತ್ತೊಮ್ಮೆ ಹೋಗುವುದು.

ಮಳೆಗಾಲದ ದಾಸ್ತಾನು

ಗೇರುಬೀಜದ ಹಣ ಕೈಯಲ್ಲಿರುವಾಗ ಆಟಿ ತಿಂಗಳಿಗೆ ಬೇಕಾದ್ದನ್ನು ತುಂಬಿಸಿಡುವುದು ನಮ್ಮ ಊರಿನ ಹಳೇ ಕ್ರಮ. ಅದಕ್ಕೆ ಕಾರಣವೂ ಉಂಟು. ನಮಗೆ ನೀರುಳ್ಳಿ, ಬೇಳೆ, ಬೆಲ್ಲ, ಮೆಣಸು ಹೆಚ್ಚಿನದೂ ಘಟ್ಟದ ಮೇಲಿಂದಲೇ ಬರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಸಂಪಾಜೆ ಕಡೆಯ ಮಡಿಕೇರಿ ರಸ್ತೆಯೂ ಶಿರಾಡಿ ಘಾಟಿಯೂ ಬಂದ್ ಆದದ್ದು ಎಲ್ಲರಿಗೂ ನೆನಪುಂಟು. ಆಗ ಮನೆಯಲ್ಲಿ ಎರಡು ಗೋಣಿ ಇದ್ದವರು ಊರಿಗೂ ಉಪಕಾರ ಆದರು.

ಆದರೆ ಎಲ್ಲವನ್ನೂ ತುಂಬಿಸಿಡಲು ಆಗುವುದಿಲ್ಲ. ನಮ್ಮಲ್ಲಿ ಬೀಳುವ ಮಳೆಗೆ ಬೆಲ್ಲ ನೀರಾಗುತ್ತದೆ, ಉಪ್ಪು ಕರಗುತ್ತದೆ, ಸಜ್ಜಿಗೆಗೆ ಹುಳ ಬೀಳುತ್ತದೆ. ಇವುಗಳನ್ನು ವಾರದ ಲೆಕ್ಕದಲ್ಲೇ ತರಬೇಕು. ಒಣಮೀನು ಮಾತ್ರ ಮೇ ತಿಂಗಳಲ್ಲೇ ತರುವ ಮಾಲು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವ ಕಾರಣ ಆಗ ಒಣಮೀನಿಗೆ ಬೇಡಿಕೆ ಹೆಚ್ಚು. ಮೀನನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಮೆತ್ತಗೆ ಬಗ್ಗಿದರೆ, ಉಪ್ಪು ಬೆವರಿದ್ದರೆ ಅದು ಜುಲೈ ಕಾಣುವುದಿಲ್ಲ.

ಮೆಣಸನ್ನು ಇಡುವುದಾದರೆ ಬಡ್ಡಿಯನ್ನೂ ಸೇರಿಸಿ ಲೆಕ್ಕ ಮಾಡಬೇಕು. ಉದಾಹರಣೆಗೆ ಕಿಲೋಕ್ಕೆ 200ರ ಹಾಗೆ 100 ಕಿಲೋ ಮೆಣಸು, 20,000 ರೂಪಾಯಿ. ಹಣ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯದ್ದು. ಐದು ತಿಂಗಳಿಗೆ ಬಡ್ಡಿ 2,000. ಬಾಡಿಗೆ, ಕೂಲಿ 500. ಪುಡಿ, ಬೀಜ ಉದುರಿ, ಬಿಳಿಚಿದ್ದನ್ನು ಆರಿಸಿ ತೆಗೆದು 3 ಕಿಲೋ ಹೋಯಿತು. 22,500ನ್ನು 97ರಿಂದ ಭಾಗಿಸಿದರೆ 232 ರೂಪಾಯಿ. ಐದು ತಿಂಗಳು ಕಳೆದು ದರ 230 ಆಗಿದ್ದರೂ ನಮಗೆ ನಷ್ಟವೇ. ಸ್ವಂತ ಹಣವಾದರೂ ಅದೇ ಹಣವನ್ನು ಅಕ್ಕಿಯಲ್ಲಿ ತಿರುಗಿಸಿದ್ದರೆ ಎಷ್ಟು ಬರುತ್ತಿತ್ತು ಎಂದು ನೋಡಬೇಕು.

ದರ ಏರಿಯೇ ಏರುತ್ತದೆ ಎಂದು ನಂಬುವಂತಿಲ್ಲ. ಬ್ಯಾಡಗಿ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಪದಾರ್ಥದ ಬಣ್ಣಕ್ಕೆ ಅದೇ ಬೇಕು. ಅಷ್ಟು ಹೆಸರಿನ ಮಾಲಿನ ದರವೂ ಕುಸಿದು 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಹೊತ್ತಿಕೊಂಡಿತು, ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಬೆಳೆದವನ ಕಷ್ಟ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಆದರೆ ಅಂಥ ಕುಸಿತದಲ್ಲಿ ಮೊದಲೇ ಹೆಚ್ಚು ದರಕ್ಕೆ ಕೊಂಡಿಟ್ಟ ಸಣ್ಣ ವ್ಯಾಪಾರಿಯೂ ಸಿಕ್ಕಿಬೀಳುತ್ತಾನೆ. ಎರಡು ತಿಂಗಳಿಗೆ ಬೇಕಾದಷ್ಟು ಇಟ್ಟರೆ ಸಾಕು. ಇಡುವಾಗ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಬೇಕು.

ಸ್ಕೀಮು ಮತ್ತು ಪ್ಯಾಕೆಟು ಮಾಲು

ಲೈನಿನ ಗಾಡಿಯವರು ಬಂದು "12 ತೆಗೆದುಕೊಂಡರೆ 1 ಫ್ರೀ" ಎನ್ನುತ್ತಾರೆ. 50ರ ಹಾಗೆ 12ಕ್ಕೆ 600. 13 ಸಿಕ್ಕಿದರೆ ಒಂದಕ್ಕೆ 46 ರೂಪಾಯಿ 15 ಪೈಸೆ ಬಿತ್ತು. ಒಳ್ಳೇದೇ. ಆದರೆ ನಮ್ಮ ಅಂಗಡಿಯಲ್ಲಿ ಅದು ತಿಂಗಳಿಗೆ ಮೂರು ಹೋಗುವುದಾದರೆ 13 ಖಾಲಿಯಾಗಲು ನಾಲ್ಕು ತಿಂಗಳು ದಾಟುತ್ತದೆ. ಮೊದಲು ಪ್ಯಾಕೆಟಿನ ಮೇಲಿನ ತಾರೀಕು ನೋಡಿ, ಆಮೇಲೆ ಫ್ರೀ ನೋಡಿ. ಅವಧಿ ಮುಗಿದದ್ದನ್ನು ಬದಲಿಸಿ ಕೊಡುತ್ತಾರೋ ಇಲ್ಲವೋ ಎಂದೂ ಕೇಳಿ.

ಪ್ಯಾಕೆಟು ಮಾಲು ಹೆಚ್ಚು ಇಡಬಾರದು ಎಂಬುದಕ್ಕೆ ಇನ್ನೊಂದು ಕಾರಣ ಉಂಟು. 2025ರ ಸೆಪ್ಟೆಂಬರ್ 22ರಿಂದ ಮೈಗೆ ಹಾಕುವ ಸಾಬೂನು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಾಕುವ ಎಣ್ಣೆ, ಬಿಸ್ಕೀಟುಗಳ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಗಿರಾಕಿಗೆ ಸಂತೋಷದ ಸುದ್ದಿ. ಆದರೆ ತೆರಿಗೆ ಬಿಟ್ಟು 100 ರೂಪಾಯಿಯ ಮಾಲನ್ನು ನಾವು ತಂದದ್ದು 118ಕ್ಕೆ, ಹೊಸ ಲೆಕ್ಕದಲ್ಲಿ ಅದು 105. ನಡುವಿನ 13 ರೂಪಾಯಿ ನಮಗೆ ಅದರಲ್ಲಿ ಸಿಕ್ಕುವ ಲಾಭಕ್ಕಿಂತ ದೊಡ್ಡದು. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವನಿಗೆ ಕೊಟ್ಟ ತೆರಿಗೆಯನ್ನು ಲೆಕ್ಕದಲ್ಲಿ ಹಿಂದೆ ಪಡೆಯುವ ದಾರಿ ಇಲ್ಲ. ಹದಿನೈದು ದಿನದ ಮಾಲು ಮಾತ್ರ ಇದ್ದವನಿಗೆ ಇದರಿಂದ ಹೆಚ್ಚು ಪೆಟ್ಟಾಗುವುದಿಲ್ಲ.

ಕಡ

ಕಡ ಕೊಡದೆ ಊರಿನಲ್ಲಿ ಅಂಗಡಿ ನಡೆಸಲು ಸಾಧ್ಯವಿಲ್ಲ. ಆಟಿಯಲ್ಲಿ ಕೂಲಿ ಇಲ್ಲದವನ ಮನೆಗೆ ಅಕ್ಕಿ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆದರೆ ಲೆಕ್ಕ ಹೀಗೆ ಉಂಟು. ಮಾರಿದ ಹಣದಲ್ಲಿ ಲಾಭ ಶೇಕಡಾ 8 ಎಂದಿಟ್ಟುಕೊಳ್ಳಿ. 1,000 ರೂಪಾಯಿ ಕಡ ಮುಳುಗಿದರೆ ನಮ್ಮ ಕೈಯಿಂದ ಹೋದದ್ದು 920. ಆ 920ನ್ನು ಲಾಭದಿಂದ ತುಂಬಲು 11,500 ರೂಪಾಯಿಯ ವ್ಯಾಪಾರ ಮಾಡಬೇಕು. ಕೆಲವರಿಗೆ ಅದು ಒಂದು ವಾರದ ದುಡಿಮೆ.

ಆದ್ದರಿಂದ ಮಳೆಗಾಲ ಸುರುವಾಗುವ ಮೊದಲೇ ಒಟ್ಟು ಎಷ್ಟು ಕಡ ಕೊಡಬಹುದು ಎಂದು ಒಂದು ಮಿತಿ ಹಾಕಿ, ಅದನ್ನು ಮನೆಗಳಿಗೆ ಹಂಚಿ. ಅಕ್ಕಿ, ಮೆಣಸು, ಉಪ್ಪು, ಎಣ್ಣೆಗೆ ಕಡ ಉಂಟು, ಬೀಡಿ ಮತ್ತು ಪ್ಯಾಕೆಟು ತಿಂಡಿಗೆ ಇಲ್ಲ ಎಂದರೆ ಯಾರೂ ಬೇಸರಿಸುವುದಿಲ್ಲ. ರಖಂ ಅಂಗಡಿಯವರು ನಮಗೆ ಕಡ ಕೊಡುತ್ತಾರೆ ಎಂದರೆ ಅದೂ ಧರ್ಮಕ್ಕಲ್ಲ. ನಗದು ಕೊಟ್ಟರೆ ಎಷ್ಟು ಕಮ್ಮಿ ಮಾಡುತ್ತೀರಿ ಎಂದು ಕೇಳಿ ನೋಡಿ. ಆ ವ್ಯತ್ಯಾಸವೇ ಅವರ ಕಡದ ಬಡ್ಡಿ.

ಬಿಲ್ಲು, ತಕ್ಕಡಿ, ಫೋನಿನ ಹಣ

ಬಿಲ್ಲು ಕೇಳಿ ತೆಗೆದುಕೊಳ್ಳಿ, ಒಂದು ಮೊಳೆಗೆ ಚುಚ್ಚಿಡಿ. ಕೆಟ್ಟ ಮಾಲು ಹಿಂದೆ ಕೊಡಲು ಅದೇ ಆಧಾರ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಪ್ಯಾಕೆಟಿನಲ್ಲಿ ಬರೆದ ಗರಿಷ್ಠ ದರಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ತಿನ್ನುವ ವಸ್ತು ಮಾರುವ ಸಣ್ಣ ಅಂಗಡಿಗೂ 2006ರ ಆಹಾರ ಸುರಕ್ಷತೆ ಕಾನೂನಿನ ಪ್ರಕಾರ ನೋಂದಣಿ ಆಗಬೇಕು.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐಯಲ್ಲಿ ಬಂದ ಹಣ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ ಹಲವರು ಫೋನಿನ ಹಣವೇ ಬೇಡ ಎಂದರು. ಹೆದರುವ ಮೊದಲು ಲೆಕ್ಕ ನೋಡಬೇಕು. ಸರಕು ಮಾತ್ರ ಮಾರುವವನಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ದಿನಕ್ಕೆ ಸುಮಾರು 11,000 ರೂಪಾಯಿ ಆಯಿತು. ತೆರಿಗೆ ಇಲ್ಲದ ಬಿಡಿ ಅಕ್ಕಿ, ತರಕಾರಿ ಮಾರಿದ ಹಣವೂ ಈ ಒಟ್ಟಿಗೆ ಸೇರುತ್ತದೆ. ನಾವು ಮಾಡಬೇಕಾದ ಮುಖ್ಯ ಕೆಲಸ ಒಂದು: ಅಂಗಡಿಗೆ ಬೇರೆ ಬ್ಯಾಂಕು ಖಾತೆ ಇಡುವುದು. ಗೇರುಬೀಜ ಮಾರಿದ ಹಣ, ಮಗ ಕಳಿಸಿದ ಹಣ, ಅಂಗಡಿಯ ಹಣ ಎಲ್ಲ ಒಂದೇ ಖಾತೆಗೆ ಬಂದರೆ ಆಮೇಲೆ ಬೇರೆ ಮಾಡಿ ತೋರಿಸುವುದು ನಮ್ಮ ತಲೆನೋವು.

ನಾಲ್ಕು ಜನ ಸೇರಿದರೆ

ನನಗೆ ಒಬ್ಬನಿಗೆ ಎರಡು ಗೋಣಿ ನೀರುಳ್ಳಿ, ಅರ್ಧ ಗೋಣಿ ಬೇಳೆ ಸಾಕು. ಅಷ್ಟಕ್ಕೆ ಮಂಗಳೂರಿಗೆ ಪಿಕಪ್ ಮಾಡಿಕೊಂಡು ಐವತ್ತಕ್ಕೆ ಸ್ವಲ್ಪ ಕಮ್ಮಿ ಕಿಲೋಮೀಟರು ಹೋದರೆ ಬಾಡಿಗೆಯೇ ಲಾಭವನ್ನು ತಿನ್ನುತ್ತದೆ, ಪುತ್ತೂರೇ ಸುಖ. ನಾಲ್ಕು ಅಂಗಡಿಯವರು ಸೇರಿದರೆ ಗಾಡಿ ತುಂಬುತ್ತದೆ, ದರವೂ ಇಳಿಯುತ್ತದೆ. ಅಡಿಕೆಗೆ ಬೆಲೆ ಇಲ್ಲದ ಕಾಲದಲ್ಲಿ ಮಾರುವವರೆಲ್ಲ ಸೇರಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದ ಊರು ನಮ್ಮದು. ಕೊಳ್ಳುವುದಕ್ಕೆ ನಾಲ್ಕು ಜನ ಸೇರಲು ಏನು ಅಡ್ಡಿ? ಆದರೆ ಹಣ ಮೊದಲೇ ಹಾಕಬೇಕು, ಗೋಣಿಗೆ ಹೆಸರು ಬರೆಯಬೇಕು, ಕೆಟ್ಟ ಗೋಣಿ ಬಂದರೆ ನಷ್ಟ ನಾಲ್ವರಿಗೂ ಎಂದು ಮೊದಲೇ ಮಾತಾಡಬೇಕು. ಹೊರಡುವ ಮೊದಲು ಪುತ್ತೂರಿನ ಸೋಮವಾರದ ಸಂತೆಯಲ್ಲಿ ಒಂದು ಸುತ್ತು ಹಾಕಿ ದರ ಬರೆದುಕೊಂಡರೆ ರಖಂ ಅಂಗಡಿಯಲ್ಲಿ ಮಾತಾಡಲು ಧೈರ್ಯ ಬರುತ್ತದೆ.

ಇದಕ್ಕೆಲ್ಲ ಬೇಕಾದ್ದು ಒಂದು ಇನ್ನೂರು ಪುಟದ ಪುಸ್ತಕ, ಒಂದು ಪೆನ್ನು, ದಿನಕ್ಕೆ ಕಾಲು ಗಂಟೆ. ಕೂಡಿಸು, ಕಳೆ, ಗುಣಿಸು, ಭಾಗಿಸು ಇಷ್ಟು ಬಂದರೆ ಸಾಕು, ಐದನೇ ಕ್ಲಾಸಿನ ಮಕ್ಕಳಿಂದಲೂ ಮಾಡಿಸಬಹುದು. ಹೊಸತಾಗಿ ಅಂಗಡಿ ಹಾಕುವವರು ಈ ಮಳೆಗಾಲ ಒಂದು ನೀರುಳ್ಳಿ ಗೋಣಿಯ ಬಿದ್ದ ದರ ಬರೆದು ನೋಡಿ. ನಿಮ್ಮಲ್ಲಿ ಎಷ್ಟು ಕಿಲೋ ಹೋಗುತ್ತದೆ, ಮೆಣಸು, ಬೆಲ್ಲ ಕಾಪಾಡಲು ನೀವು ಏನು ಮಾಡುತ್ತೀರಿ ಎಂಬುದನ್ನು ಪತ್ರಿಕೆಗೆ ಬರೆದರೆ ನನ್ನಂಥವರಿಗೂ ಪ್ರಯೋಜನ ಆದೀತು.